ಆದಾಯ ಪ್ರಮಾಣಪತ್ರ ಯಾಕೆ ಬೇಕು?

ಪಾಂಡವಪುರ ತಾಲ್ಲೂಕಿನ ಓದುಗರೊಬ್ಬರ ಪತ್ರ: ‘ಪಕ್ಕದ ಮನೆಯಾಕೆ ಆಲೆಮನೆಯಲ್ಲಿ ಕೂಲಿ ಮಾಡುತ್ತಾರೆ. ಗಂಡ ತೀರಿಕೊಂಡಿದ್ದಾರೆ. ಜಮೀನಿನಲ್ಲಿ ನಿನಗೆ ಪಾಲಿಲ್ಲ ಅಂತಾರೆ ಮೈದುನರು. ಕೇಸು ಹಾಕಿಸಲು ಒಬ್ಬರು ಹದಿನೈದು ಸಾವಿರ ಕೇಳಿದ್ದಾರೆ. ಪುಕ್ಕಟೆ ವಕೀಲರು ಸಿಗುತ್ತಾರಂತೆ, ನಿಜವಾ? ಆದಾಯ ಪ್ರಮಾಣಪತ್ರ ಮಾಡಿಸಬೇಕಾ?’

ನಿಜ. ಆ ಹದಿನೈದು ಸಾವಿರ ಕೊಡಬೇಡಿ. ಆದಾಯ ಪತ್ರಕ್ಕೆ ನಾಡಕಚೇರಿಗೂ ಅಲೆಯಬೇಡಿ. ಕಾನೂನು ಸೇವೆಗಳ ಪ್ರಾಧಿಕಾರದ 1987ರ ಕಾಯ್ದೆಯಲ್ಲಿ 12ನೇ ಕಲಮು ನೋಡಿ: ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಜೈಲಿನಲ್ಲಿರುವವರು, ಇವರಿಗೆ ಪುಕ್ಕಟೆ ವಕೀಲರನ್ನು ಕೊಡಲು ಆದಾಯ ಕೇಳುವ ಹಾಗಿಲ್ಲ.

ಆದರೂ ಕೇಳುತ್ತಾರೆ. ನಮ್ಮ ಬೀದಿಯಲ್ಲಿ ಹೂ ಮಾರುವಾಕೆಯ ಜೊತೆ ಒಮ್ಮೆ ಕಾನೂನು ಸೇವೆಗಳ ಕಚೇರಿಗೆ ಹೋಗಿದ್ದೆ. ಮೇಜಿನ ಹಿಂದಿದ್ದವರು ತಲೆ ಎತ್ತದೆ ‘ಇನ್‌ಕಮ್ ಸರ್ಟಿಫಿಕೇಟ್ ತಂದ್ರಾ?’ ಅಂದರು. ಆಕೆ ಎದ್ದೇ ಬಿಟ್ಟರು. ‘ಹೆಂಗಸರಿಗೆ ಅದು ಬೇಡ ಅಲ್ವಾ ಸರ್?’ ಅಂದೆ. ಸುಮ್ನೆ ಒಂದು ಗಳಿಗೆ ನೋಡಿದರು, ಫಾರಂ ತೆಗೆದುಕೊಟ್ಟರು. ಕೇಳದಿದ್ದರೆ ಆಕೆಯ ಇನ್ನೊಂದು ದಿನದ ವ್ಯಾಪಾರ ಹೋಗುತ್ತಿತ್ತು.

ನಿಮ್ಮ ಪಾಂಡವಪುರದ ಕೋರ್ಟಿನಲ್ಲೇ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇದೆ. ಅಲ್ಲಿ ಕೆಲಸ ಆಗದಿದ್ದರೆ ಮಂಡ್ಯದ ಜಿಲ್ಲಾ ಪ್ರಾಧಿಕಾರ. ಅದಕ್ಕೆ ಜಿಲ್ಲಾ ನ್ಯಾಯಾಧೀಶರೇ ಅಧ್ಯಕ್ಷರು. ಫೋನಿನಲ್ಲಿ ಕೇಳುವುದಾದರೆ 15100. ಬರೆಯಲು ಬಾರದಿದ್ದರೂ ಅಡ್ಡಿಯಿಲ್ಲ, ಬಾಯಲ್ಲಿ ಹೇಳಿದ್ದನ್ನು ಅಲ್ಲಿಯವರೇ ಬರೆದುಕೊಳ್ಳಬೇಕು. ಪಹಣಿ, ಗಂಡನ ಮರಣ ಪತ್ರ, ಆಧಾರ್, ವಂಶವೃಕ್ಷ ಇದ್ದರೆ ಜೆರಾಕ್ಸ್ ಒಯ್ಯಲಿ. ಎಲ್ಲ ಸಿಗುವವರೆಗೂ ಕಾಯಬೇಕಿಲ್ಲ.

ವಕೀಲರ ಫೀಸು ಅಷ್ಟೇ ಅಲ್ಲ, ಕೋರ್ಟ್ ಶುಲ್ಕ, ಟೈಪಿಂಗ್, ನಕಲು ಪ್ರತಿ, ಎಲ್ಲ ಈ ಪುಕ್ಕಟೆ ನೆರವಿನಲ್ಲೇ ಬರುತ್ತದೆ. ನೇಮಕವಾದ ವಕೀಲರು ‘ಖರ್ಚಿಗೆ’ ಅಂತ ಕೈ ಚಾಚಿದರೆ ಅದೇ ಕಚೇರಿಗೆ ದೂರು ಕೊಡಿ, ಬೇರೆಯವರನ್ನು ಕೇಳಿ. ಪುಕ್ಕಟೆ ವಕೀಲರು ಅಂದರೆ ಮೂಲೆಗೆ ಬಿದ್ದವರು ಅಂತ ಜನ ಅಂದುಕೊಂಡಿದ್ದಾರೆ. ಅದು ಸರಿಯಲ್ಲ. ಚೆನ್ನಾಗಿ ಕೇಸು ನಡೆಸುವವರನ್ನು ನಾನೇ ಕಂಡಿದ್ದೇನೆ, ಉದಾಸೀನದವರನ್ನೂ ಕಂಡಿದ್ದೇನೆ.

ಇನ್ನು ಪಾಲಿನ ವಿಷಯ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ, ಉಯಿಲು ಇಲ್ಲದಿದ್ದರೆ ಗಂಡನ ಆಸ್ತಿಗೆ ಮಕ್ಕಳು, ಅತ್ತೆಯ ಜೊತೆ ಹೆಂಡತಿಯೂ ವಾರಸುದಾರಳು. ಪಿತ್ರಾರ್ಜಿತವಾದರೆ ಗಂಡನ ಪಾಲು ಎಷ್ಟು ಅನ್ನುವುದು ಮೊದಲು ತೀರ್ಮಾನವಾಗಬೇಕು. ಅದನ್ನು ವಕೀಲರು ನೋಡಿಕೊಳ್ಳಲಿ.

ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳೋಣ ಅಂತ ಮೈದುನರು ಬರಬಹುದು. ತಪ್ಪೇನಿಲ್ಲ, ಖರ್ಚೂ ಇಲ್ಲ. ಆದರೆ ಅಲ್ಲಿ ಆದ ತೀರ್ಪಿನ ಮೇಲೆ ಅಪೀಲು ಇಲ್ಲ. ಅದಕ್ಕೇ ಹೇಳುವುದು, ವಕೀಲರು ಓದಿ ಹೇಳುವವರೆಗೆ ಆಕೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತದಿರಲಿ. ಮೊದಲ ಸಲ ನೀವೂ ಜೊತೆಗೆ ಹೋಗಿ.

- ಸಂ.