ಮಾರ್ಸೇಯಲ್ಲಿ ಇಳಿಯಬೇಕಾ, ಮುಂದೆ ಹೋಗಬೇಕಾ?

ಪ್ರಶ್ನೆ: ಪ್ಯಾರಿಸ್ ನೋಡಿಕೊಂಡು ನೀಸ್‌ಗೆ ಹೋಗುವವರಿದ್ದೇವೆ. ದಾರಿಯಲ್ಲಿ ಮಾರ್ಸೇ ಸಿಗುತ್ತದೆ. ಅದು ಬರೀ ಬಂದರು ಊರು, ನೋಡೋಕೆ ಏನೂ ಇಲ್ಲ ಅನ್ನುತ್ತಾರೆ. ಎರಡು ದಿನ ಉಳಿಯಬಹುದಾ?

ಉತ್ತರ: ಖಂಡಿತ ಉಳಿಯಿರಿ. ಬಂದರು ಊರು ಅನ್ನೋದು ನಿಜ, ಆದರೆ ನೋಡಬೇಕಾದ್ದೂ ಅದನ್ನೇ ಅಲ್ವಾ? ಕ್ರಿ.ಪೂ. 600ರ ಸುಮಾರಿಗೆ, ಈಗಿನ ಟರ್ಕಿ ಕರಾವಳಿಯ ಫೋಕಿಯಾದಿಂದ ಹಡಗಿನಲ್ಲಿ ಬಂದ ಗ್ರೀಕರು ಇಲ್ಲಿ ನೆಲೆಸಿದರು. ಅವರು ಲಂಗರು ಹಾಕಿದ ಕೊಲ್ಲಿಯೇ ಇವತ್ತಿನ ಹಳೆ ಬಂದರು. ಈಗಲೂ ಬೆಳಿಗ್ಗೆ ಅದರ ದಡದಲ್ಲೇ ಮೀನುಗಾರರು ಮೀನು ಮಾರುತ್ತಾರೆ. ಸುತ್ತಾಟ ಅಲ್ಲಿಂದಲೇ ಶುರು ಮಾಡಿ.

ಈ ಊರಿಗೆ ಒಳ್ಳೆಯದೂ ಕೆಟ್ಟದ್ದೂ ಸಮುದ್ರದ ಮೇಲೇ ಬಂದಿದೆ. 1720ರಲ್ಲಿ ಗ್ರಾಂ ಸೇಂತ್ ಆಂತ್ವಾನ್ ಎಂಬ ಹಡಗು ಬಟ್ಟೆ, ಹತ್ತಿಯ ಜೊತೆ ಪ್ಲೇಗನ್ನೂ ತಂದಿತು. ಹಡಗಿನಲ್ಲಿ ಜನ ಸತ್ತಿದ್ದು ಗೊತ್ತಿತ್ತು, ಆದರೂ ಸರಕು ಬೇಗ ಮಾರಾಟವಾಗಬೇಕು ಅನ್ನುವ ಆತುರದಲ್ಲಿ ಕ್ವಾರಂಟೈನ್ ನಿಯಮ ಸಡಿಲಿಸಿದರು, ಊರಿನ ಹೆಚ್ಚುಕಡಿಮೆ ಅರ್ಧದಷ್ಟು ಜನ ಸತ್ತರು. ಇದು ನನ್ನನ್ನು ಈಗಲೂ ತುಂಬಾ ಕಾಡುವ ಕಥೆ. 1910ರಲ್ಲಿ ಸಾವರ್ಕರ್ ಹಡಗಿನಿಂದ ಹಾರಿ ಈಜಿ ದಡ ಸೇರಿ, ಮತ್ತೆ ಸಿಕ್ಕಿಬಿದ್ದದ್ದು ಇಲ್ಲೇ. ಮೊದಲ ಮಹಾಯುದ್ಧಕ್ಕೆ ಹೊರಟ ಭಾರತೀಯ ಸೈನಿಕರು 1914ರ ಸೆಪ್ಟೆಂಬರ್‌ನಲ್ಲಿ ಬಂದಿಳಿದದ್ದೂ ಇಲ್ಲೇ.

ಬಂದರಿನ ಉತ್ತರ ದಡದಲ್ಲಿ ನಿಂತರೆ ಒಂದು ವಿಷಯ ಗಮನಿಸಿ. ಇಷ್ಟು ಹಳೆಯ ಊರಲ್ಲಿ ನೀರಿನ ಪಕ್ಕದ ಕಟ್ಟಡಗಳು ಮಾತ್ರ ಯಾಕೆ ಹೊಸವು? 1943ರಲ್ಲಿ ಜರ್ಮನ್ನರು ಅಲ್ಲಿನ ಜನರನ್ನು ಹೊರಹಾಕಿ ಇಡೀ ಬಡಾವಣೆಯನ್ನು ಸ್ಫೋಟಿಸಿದರು. ಆ ಕೆಲಸಕ್ಕೆ ಫ್ರೆಂಚ್ ಪೊಲೀಸರೂ ಕೈಜೋಡಿಸಿದ್ದರು. ಅದರ ಹಿಂದೆ ಗುಡ್ಡದ ಮೇಲೆ ಉಳಿದಿರುವ ಲ ಪಾನ್ಯೆ ಎಂಬ ಹಳೆ ಬಡಾವಣೆಯ ಇಕ್ಕಟ್ಟು ಗಲ್ಲಿಗಳಲ್ಲಿ ಸುಮ್ನೆ ಓಡಾಡಿ.

ನೋತ್ರ್ ದಾಮ್ ದ ಲಾ ಗಾರ್ದ್ ಚರ್ಚಿಗೆ ಹತ್ತಲೇಬೇಕು. ಇಡೀ ಊರು, ಸಮುದ್ರ, ದ್ವೀಪಗಳು ಒಟ್ಟಿಗೆ ಕಾಣುತ್ತವೆ. ಒಳಗೆ ಚಾವಣಿಯಿಂದ ಪುಟ್ಟ ಪುಟ್ಟ ಹಡಗುಗಳನ್ನು ಇಳಿಬಿಟ್ಟಿದ್ದಾರೆ, ಸಮುದ್ರಕ್ಕೆ ಹೋದವರಿಗಾಗಿ ಹೊತ್ತ ಹರಕೆಗಳು ಅವು. ಮ್ಯೂಸಿಯಂ ಅಂದರೆ 2013ರಲ್ಲಿ ತೆರೆದ ಮ್ಯೂಸೆಮ್. ಅದರ ಟೆರೇಸಿನಿಂದ ಸೇತುವೆ ದಾಟಿ ಸೇನ್ ಝಾನ್ ಕೋಟೆಗೆ ನಡೆಯಬಹುದು. ದೋಣಿ ಹತ್ತಿ ಇಫ್ ದ್ವೀಪದ ಕೋಟೆಗೂ ಹೋಗಬಹುದು, ಆದರೆ ಗಾಳಿ ಜೋರಿದ್ದರೆ ದೋಣಿ ಬಿಡುವುದಿಲ್ಲ.

ಎರಡನೇ ದಿನ ಪೂರ್ತಿ ಕಲಾಂಕ್‌ಗೆ ಇಡಿ. ಬಿಳಿ ಸುಣ್ಣಕಲ್ಲಿನ ಬೆಟ್ಟಗಳ ನಡುವೆ ಸಮುದ್ರ ಒಳಗೆ ನುಗ್ಗಿರುವ ಕಿರಿದಾದ ಕೊಲ್ಲಿಗಳು ಅವು, 2012ರಿಂದ ರಾಷ್ಟ್ರೀಯ ಉದ್ಯಾನ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯ ಜಾಸ್ತಿ ಇದ್ದ ದಿನ ದಾರಿಗಳನ್ನೇ ಮುಚ್ಚುತ್ತಾರೆ, ಹಾಗಾಗಿ ಹಿಂದಿನ ಸಂಜೆಯೇ ವಿಚಾರಿಸಿಕೊಳ್ಳಿ. ನೀರು ಜಾಸ್ತಿ ಒಯ್ಯಿರಿ, ಅಲ್ಲಿ ಸಿಗುವುದಿಲ್ಲ.