ತಪಸ್ಸುಕಾಲಕ್ಕೆ ಕಪಾಟು ಹಗುರ ಮಾಡುವುದು

ಪ್ರಶ್ನೆ: ಮುಂಬೈನ ಮಲಾಡ್‌ನಲ್ಲಿ ಒಂದೇ ಬೆಡ್‌ರೂಮಿನ ಮನೆ, ಐದು ಜನ. ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದಲ್ಲಿ ದಿನಕ್ಕೊಂದು ವಸ್ತು ಬಿಡೋಣ ಎಂದಿದ್ದೇವೆ. ಎಲ್ಲಿಂದ ಶುರು ಮಾಡಬೇಕು? ತುಂಡಾದ ಜಪಸರ, ಚರ್ಚಿನಲ್ಲಿ ಆಶೀರ್ವದಿಸಿ ಕೊಟ್ಟ ಒಣಗಿದ ತಾಳೆಗರಿಗಳನ್ನು ಏನು ಮಾಡುವುದು?

ಉತ್ತರ: ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರದಿಂದ ಈಸ್ಟರ್ ಹಿಂದಿನ ಪವಿತ್ರ ಶನಿವಾರದವರೆಗೆ 46 ದಿನ; ಉಪವಾಸವಿಲ್ಲದ ಆರು ಭಾನುವಾರ ಕಳೆದರೆ 40. ಅಷ್ಟೇ ವಸ್ತು ಸಾಕು.

ಬಟ್ಟೆಯಿಂದ ಶುರು ಮಾಡಿ. ಫೋಟೋ, ಪತ್ರಗಳನ್ನು ಕೊನೆಗಿಡಿ. ಮೊದಲ ದಿನವೇ ಆಲ್ಬಮ್ ಬಿಚ್ಚಿದವರು ಅಲ್ಲೇ ಕೂತುಬಿಡುತ್ತಾರೆ. ಎರಡು ಅಂಗಿಯಿದ್ದವನು ಇಲ್ಲದವನಿಗೆ ಒಂದು ಕೊಡಲಿ ಎಂಬುದು (ಲೂಕ 3:11) ತೊಡಬಹುದಾದ ಅಂಗಿಯ ಮಾತು, ಹರಕಲಿನದಲ್ಲ. ಒಗೆದು, ಕಿತ್ತ ಗುಂಡಿ ಹಾಕಿ, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಮುಂಬೈ ಮಳೆಗಾಲ ಕಂಡ ಕಪಾಟಿನಲ್ಲಿ ಬೂಷ್ಟು ಹಿಡಿದಿರುತ್ತದೆ. ಒಂದು ಒದ್ದೆ ಸೀರೆ ಸೇರಿದರೆ ಇಡೀ ಗಂಟು ಕೆಡುತ್ತದೆ. ಕೊಡುವ ಮುನ್ನ ಚರ್ಚಿನಲ್ಲಿ ಏನು ಬೇಕೆಂದು ಕೇಳಿ.

ಆಶೀರ್ವದಿಸಿದ ವಸ್ತುಗಳನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ. ಸುಡುವುದು ಅಥವಾ ಹೂಳುವುದು ರೂಢಿ. ಗರಿಗಳನ್ನು ವಿಭೂತಿ ಬುಧವಾರಕ್ಕೆ ಮೊದಲೇ ಚರ್ಚಿಗೆ ಮರಳಿಸಿ, ಅವುಗಳ ಬೂದಿಯನ್ನೇ ಆ ದಿನ ಹಣೆಗೆ ಹಚ್ಚುವುದು. ಪ್ಲಾಸ್ಟಿಕ್ ಮಣಿಯ ಜಪಸರ ಸುಟ್ಟರೆ ವಿಷದ ಹೊಗೆ, ಹೂಳಿರಿ. ಫ್ಲ್ಯಾಟಿನಲ್ಲಿ ಮಣ್ಣೆಲ್ಲಿ ಎನ್ನುವಿರಾ? ದೊಡ್ಡ ಹೂಕುಂಡವೂ ಆಗುತ್ತದೆ.

ಕೆಲಸ ಕೆಡುವುದು ಎರಡು ಕಡೆ: ಸಾಮಾನು ಕಡಿಮೆ ಮಾಡುವ ಮೊದಲೇ ಪ್ಲಾಸ್ಟಿಕ್ ಡಬ್ಬಿ ತರುವುದು, ಅತ್ತೆಯವರ ಪೆಟ್ಟಿಗೆಗೆ ಕೇಳದೆ ಕೈ ಹಾಕುವುದು. ನಿಮ್ಮ ಖಾನೆ ಮೊದಲು ತೆರೆಯಿರಿ.