ಕೆನೆ ಬಣ್ಣವೋ, ತಿಳಿ ಬೂದುವೋ?

ಪ್ರಶ್ನೆ: ನಮ್ಮದು ಶಿರಸಿ ಕಡೆಯ ಹಳೇ ಮನೆ. ಅತ್ತೆಯ ಕೋಣೆಗೆ ಬಣ್ಣ ಹೊಡೆಸಬೇಕು. ಉತ್ತರಕ್ಕೆ ಒಂದೇ ಕಿಟಕಿ, ಆಚೆ ಅಡಿಕೆ ತೋಟ, ಒಳಗೆ ರೆಡ್ ಆಕ್ಸೈಡ್ ನೆಲ. ನನಗೆ ತಿಳಿ ಬೂದು ಇಷ್ಟ, ಅತ್ತೆಗೆ ಕೆನೆ ಬಣ್ಣ. ಶೇಡ್ ಕಾರ್ಡ್‌ನಲ್ಲಿ ಎರಡೂ ಚೆನ್ನಾಗಿಯೇ ಕಾಣುತ್ತವೆ. ಯಾವುದು ಹೊಡೆಸಲಿ?

ಉತ್ತರ: ಕೆನೆ ಬಣ್ಣವನ್ನೇ ಹೊಡೆಸಿ. ದಿನವಿಡೀ ಆ ಗೋಡೆ ನೋಡುವವರು ಅತ್ತೆ ಅನ್ನೋದು ಒಂದು ಕಾರಣ, ಆದರೆ ನಿಜವಾದ ಕಾರಣ ಆ ಕೋಣೆಯ ಬೆಳಕು.

ಉತ್ತರದ ಕಿಟಕಿಗೆ ವರ್ಷದ ಹೆಚ್ಚಿನ ಹೊತ್ತು ನೇರ ಬಿಸಿಲು ಬೀಳುವುದಿಲ್ಲ, ಬರುವುದು ಆಕಾಶದ ಬೆಳಕು ಮಾತ್ರ, ಅದರಲ್ಲಿ ನೀಲಿ ಜಾಸ್ತಿ. ನಿಮ್ಮ ಕಡೆ ಮೇ ತಿಂಗಳಿಂದ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ ನಿಜ, ಆದರೆ ಜೂನ್ ಬಂದರೆ ಮೋಡ, ಮಳೆ. ಬಿಸಿಲು ಸಿಗಬೇಕಾದ ಹೊತ್ತಿಗೇ ಸಿಗುವುದಿಲ್ಲ, ಅಲ್ವಾ? ಇಂಥ ಬೆಳಕಲ್ಲಿ ತಿಳಿ ಬೂದು ಮಂಕಾಗುತ್ತದೆ. ವಯಸ್ಸಾದ ಕಣ್ಣಿಗೆ ಬೆಳಕು ಇನ್ನೂ ಜಾಸ್ತಿ ಬೇಕು.

ಆದರೆ ನಿಮ್ಮ ಕೆಂಪು ನೆಲವನ್ನು ಮರೀಬೇಡಿ. ನೆಲದ ಮೇಲೆ ಬಿದ್ದ ಬೆಳಕು ಗೋಡೆಯ ಕೆಳಭಾಗಕ್ಕೆ ಕೆಂಪಾಗಿಯೇ ತಾಗುತ್ತದೆ, ಕೆನೆಯಲ್ಲಿ ಹಳದಿ ಜಾಸ್ತಿ ಇದ್ದರೆ ರಾತ್ರಿ ಹಳದಿ ಬಲ್ಬ್ ಹಾಕಿದಾಗ ಇಡೀ ಕೋಣೆ ಕಿತ್ತಳೆ ಕಡೆಗೆ ತಿರುಗುತ್ತದೆ. ಬಿಳಿಗೆ ಹತ್ತಿರದ ಕೆನೆ ಆರಿಸಿ. ನಾಲ್ಕು ಗೋಡೆಗೂ ಹೊಡೆದ ಮೇಲೆ ಒಂದರ ಬಣ್ಣ ಇನ್ನೊಂದಕ್ಕೆ ಬಿದ್ದು ಕಾರ್ಡ್‌ಗಿಂತ ಗಾಢವಾಗಿ ಕಾಣುತ್ತದೆ, ಹಾಗಾಗಿ ನಿಮಗೆ ಇಷ್ಟವಾದದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯದನ್ನೇ ತನ್ನಿ. ಬಣ್ಣ ಎಷ್ಟು ಬೆಳಕನ್ನು ವಾಪಸ್ ಚೆಲ್ಲುತ್ತದೆ ಅನ್ನೋದಕ್ಕೆ ಪ್ರತಿ ಶೇಡ್‌ಗೂ ಎಲ್‌ಆರ್‌ವಿ ಎಂಬ ಅಂಕಿ ಇರುತ್ತದೆ, ಅಂಗಡಿಯಲ್ಲಿ ಕೇಳಿ. ಕಪ್ಪು 0, ಬಿಳಿ 100. ಈ ಕೋಣೆಗೆ 70ಕ್ಕಿಂತ ಮೇಲಿರಲಿ.

ಹಳೇ ಗೋಡೆಯ ಮೇಲೆ ಸುಮ್ನೆ ಒಂದು ಪಟ್ಟೆ ಎಳೆದು ನೋಡಬೇಡಿ, ಹಿಂದಿನ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಎರಡಡಿ ಅಗಲದ ಬಿಳಿ ರಟ್ಟಿಗೆ ಸುತ್ತ ಅಂಚು ಬಿಟ್ಟು ಎರಡು ಕೋಟ್ ಹೊಡೆಯಿರಿ. ಬೂದುವಿನದೂ ಒಂದು ಮಾಡಿ, ನಿಮ್ಮ ಸಮಾಧಾನಕ್ಕೆ. ಪೂರ್ತಿ ಒಣಗಿದ ಮೇಲೆ ಕಿಟಕಿ ಎದುರಿನ ಗೋಡೆಗೂ ಕತ್ತಲೆ ಮೂಲೆಗೂ ಒರಗಿಸಿ, ಬೆಳಿಗ್ಗೆ, ಸಂಜೆ ನಾಲ್ಕಕ್ಕೆ, ರಾತ್ರಿ ಅತ್ತೆ ದಿನಾ ಹಾಕುವ ಲೈಟಲ್ಲಿ ನೋಡಿ. ಅವರನ್ನೂ ಕೂರಿಸಿಕೊಂಡು ನೋಡಿ.

ಬೂದು ಬಿಡಲು ಮನಸ್ಸಿಲ್ಲದಿದ್ದರೆ ಪಶ್ಚಿಮದ ಬಿಸಿಲು ಬರುವ ಕೋಣೆಗೆ ಇಟ್ಟುಕೊಳ್ಳಿ. ಪೇಂಟರನ್ನು ಮಾತ್ರ ಗೋಡೆಯಲ್ಲಿ ಮಳೆಗಾಲದ ತೇವ ಪೂರ್ತಿ ಆರಿದ ಮೇಲೆಯೇ ಕರೆಸಿ, ಇಲ್ಲದಿದ್ದರೆ ಯಾವ ಬಣ್ಣವಾದರೂ ಹೊಪ್ಪಳಿಕೆ ಏಳುತ್ತದೆ.